ಆಂಥೂರಿಯಂ ಹೊಸ ಎಲೆ ಎಲ್ಲ ಮುರುಟಿಕೊಂಡೇ ಬರ್ತಿವೆ, ಹಳೇ ಎಲೆ ಚೆನ್ನಾಗಿವೆ. ಏನಿರಬಹುದು?

ಕಿಟಕಿಗಿಡ (ಬೆಂಗಳೂರು)
ಎಲ್ಲರಿಗೂ ನಮಸ್ಕಾರ. ಹಾಲ್‌ನಲ್ಲಿ ಪೂರ್ವದ ಕಿಟಕಿ ಪಕ್ಕ ಒಂದು ಕೆಂಪು ಆಂಥೂರಿಯಂ ಇದೆ. ಹಳೇ ಎಲೆಗಳು ಅಂಗೈಗಿಂತ ದೊಡ್ಡದಾಗಿ, ಮಿರಮಿರ ಮಿಂಚ್ತಾ ಇವೆ. ಆದ್ರೆ ಮಳೆಗಾಲ ಮುಗಿದ ಮೇಲೆ ಬಂದ ಎಲೆ ಒಂದೂ ನೆಟ್ಟಗಿಲ್ಲ. ಸುರುಳಿ ಬಿಚ್ಚೋವಾಗಲೇ ಸುಕ್ಕು, ಅಂಚು ಕೆಳಕ್ಕೆ ಮಡಚಿಕೊಂಡಿರುತ್ತೆ, ಗಾತ್ರ ಹಳೇದರ ಅರ್ಧಾನೂ ಇಲ್ಲ. ಮುಟ್ಟಿದ್ರೆ ದಪ್ಪಗೆ ಗಡುಸು, ಸ್ವಲ್ಪ ಬಗ್ಗಿಸಿದ್ರೆ ಹಪ್ಪಳದ ಥರ ಲಟಕ್ ಅಂತ ಮುರಿಯುತ್ತೆ. ಹಿಂಭಾಗದಲ್ಲಿ ನಡುನರದ ಅಕ್ಕಪಕ್ಕ ಕಂದು ಬಣ್ಣದ ಒರಟು ಪಟ್ಟಿ.

ಕುಂಡದಲ್ಲಿರೋದು ಕೋಕೋಪೀಟ್, ತೆಂಗಿನ ಸಿಪ್ಪೆ ಚೂರು, ಸ್ವಲ್ಪ ಇದ್ದಿಲು. ಗೊಬ್ಬರ 19:19:19, ಲೀಟರಿಗೆ ಒಂದು ಗ್ರಾಂ, ಹದಿನೈದು ದಿನಕ್ಕೊಮ್ಮೆ. ನೀರು ಅಪಾರ್ಟ್‌ಮೆಂಟಿನ ನಲ್ಲಿದು, ಬೋರ್‌ವೆಲ್. ಹುಳ ಗಿಳ ಏನೂ ಕಣ್ಣಿಗೆ ಕಾಣ್ತಿಲ್ಲ. ನರ್ಸರಿಯಲ್ಲಿ ಕೇಳಿದ್ರೆ ಗಿಡದ ಮುಖಾನೂ ನೋಡದೆ "ಪೋಷಕಾಂಶ ಕಮ್ಮಿ ಮೇಡಂ" ಅಂತ ಒಂದು ಟಾನಿಕ್ ಬಾಟ್ಲಿ ಕೊಟ್ಟು ಕಳಿಸಿದ್ರು. ಮುಚ್ಚಳ ತೆಗೆಯೋ ಮುಂಚೆ ಇಲ್ಲಿ ಕೇಳ್ತಿದ್ದೀನಿ.

ಬೇವಿನಭಕ್ತ
ಬೇವಿನೆಣ್ಣೆ ಹೊಡೀರಿ. ಮುಗೀತು.

ಸುಮ್ನೆ_ಓದುಗ
ಇವರಿಗೆ ಸ್ಕೂಟರ್ ಸ್ಟಾರ್ಟ್ ಆಗ್ತಿಲ್ಲ ಅಂದ್ರೂ ಬೇವಿನೆಣ್ಣೇನೇ.

ಬೇವಿನಭಕ್ತ
ನಗಿ ನಗಿ. ನಮ್ಮನೇಲಿ ಗಿಡಗಳು ಹೇಗಿವೆ ಬಂದು ನೋಡಿ ಆಮೇಲೆ ನಗಿ.

ನೀರಿನಲೆಕ್ಕ (ವೈಟ್‌ಫೀಲ್ಡ್)
ಹಳೇ ಎಲೆ ಚೆನ್ನಾಗಿದ್ದು ಹೊಸ ಎಲೆ ಮಾತ್ರ ಕೆಡ್ತಿದೆ ಅಂದ ತಕ್ಷಣ ನನಗೆ ಹೊಳೆಯೋದು ಕ್ಯಾಲ್ಸಿಯಂ. ಸಾರಜನಕ, ಪೊಟ್ಯಾಷ್, ಮೆಗ್ನೀಸಿಯಂ ಕಮ್ಮಿ ಆದ್ರೆ ಗಿಡ ಹಳೇ ಎಲೆಯಿಂದ ಕಿತ್ಕೊಂಡು ಹೊಸದಕ್ಕೆ ಕೊಡುತ್ತೆ, ಅದಕ್ಕೇ ಮೊದಲು ಹಳೇ ಎಲೆ ಹಳದಿ ಆಗೋದು. ಕ್ಯಾಲ್ಸಿಯಂ ಹಾಗಲ್ಲ. ಒಂದ್ಸಲ ಎಲೆಯಲ್ಲಿ ಕೂತ್ರೆ ಅಲ್ಲೇ. ಹಾಗಾಗಿ ಕೊರತೆ ಬಿದ್ದಾಗ ಏಟು ತಿನ್ನೋದು ಹೊಸ ಎಲೆ.

ಈಗ ನೀವು ಕೊಟ್ಟ ವಿವರ ನೋಡಿ. 19:19:19 ಅಂದ್ರೆ ಸಾರಜನಕ, ರಂಜಕ, ಪೊಟ್ಯಾಷ್ ಅಷ್ಟೇ, ಕ್ಯಾಲ್ಸಿಯಂ ಸೊನ್ನೆ. ಕೋಕೋಪೀಟ್ ಸರಿಯಾಗಿ ತೊಳೆದು ಹದ ಮಾಡಿರದಿದ್ರೆ ಅದರಲ್ಲಿ ಸೋಡಿಯಂ, ಪೊಟ್ಯಾಷ್ ತುಂಬಿರುತ್ತೆ. ಕ್ಯಾಲ್ಸಿಯಂ ಸಿಕ್ಕಿದ್ರೆ ತಾನೇ ಹಿಡ್ಕೊಂಡು ಸೋಡಿಯಂ ಬಿಟ್ಟುಕೊಡುತ್ತೆ. ಇನ್ನು ನೀರು. ಬೋರ್‌ವೆಲ್ ಗಡಸು ನೀರು ಅಂತ ನಿಮ್ಮ ಅಪಾರ್ಟ್‌ಮೆಂಟಲ್ಲಿ ಸಾಫ್ಟನರ್ ಹಾಕಿದ್ದಾರಾ?

ಕಿಟಕಿಗಿಡ
ಹೂಂ, ಬೇಸ್‌ಮೆಂಟಲ್ಲಿ ಇದೆ. ತಿಂಗಳು ತಿಂಗಳು ಉಪ್ಪಿನ ಮೂಟೆ ಬರೋದನ್ನ ನೋಡಿದ್ದೀನಿ. ಆದ್ರೆ ಟಿಡಿಎಸ್ 600 ತೋರಿಸುತ್ತಲ್ಲ? ಅಷ್ಟಿದ್ರೆ ಕ್ಯಾಲ್ಸಿಯಂ ಇರಲೇಬೇಕಲ್ವಾ?

ನೀರಿನಲೆಕ್ಕ
ಅಲ್ಲೇ ಎಲ್ಲರೂ ಎಡವೋದು. ಆ ಮೀಟರ್ ನೀರಲ್ಲಿ ಕರಗಿರೋದು ಎಷ್ಟು ಅಂತ ಅಂದಾಜು ಹೇಳುತ್ತೆ, ಏನು ಅಂತ ಹೇಳಲ್ಲ. ಸಾಫ್ಟನರ್ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೂರಿಸುತ್ತೆ. ಟಿಡಿಎಸ್ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಬಕೆಟ್ ಅಂಚಲ್ಲಿ ಬಿಳಿ ಪೊರೆ ಕಟ್ತಿಲ್ಲ, ಸೋಪು ಚೆನ್ನಾಗಿ ನೊರೆ ಬರ್ತಿದೆ ಅಂದ್ರೆ ಸಾಫ್ಟನರ್ ಕೆಲಸ ಮಾಡ್ತಿದೆ, ನಿಮ್ಮ ಗಿಡ ಉಪ್ಪು ನೀರು ಕುಡೀತಿದೆ ಅಂತ ಅರ್ಥ.

ತಾರಸಿ_ತೋಟ (ಮೈಸೂರು)
ಅಯ್ಯೋ, ಇದು ಗೊತ್ತೇ ಇರ್ಲಿಲ್ಲ. ನಮ್ಮ ತಂಗಿ ಮನೇಲೂ ಸಾಫ್ಟನರ್ ಇದೆ. ಅವಳ ಮಲ್ಲಿಗೆ ಗಿಡದ ಎಲೆ ಅಂಚೆಲ್ಲ ಸುಟ್ಟಂಗಿದೆ. ಇವತ್ತೇ ಫೋನ್ ಮಾಡ್ತೀನಿ.

ಗೌರಿಹಬ್ಬ
ನಮ್ಮತ್ತೆ ಅಕ್ಕಿ ತೊಳೆದ ನೀರು ಬಿಟ್ಟು ಬೇರೆ ಏನೂ ಹಾಕಲ್ಲ, ಆಂಥೂರಿಯಂ ವರ್ಷವಿಡೀ ಹೂ ಬಿಡುತ್ತೆ. ಮೊಟ್ಟೆ ಚಿಪ್ಪು ಪುಡಿ ಮಾಡಿ ಹಾಕಿ, ಕ್ಯಾಲ್ಸಿಯಂಗೆ ಅದೇ ಸಾಕು.

ನೀರಿನಲೆಕ್ಕ
ಮೊಟ್ಟೆ ಚಿಪ್ಪು ಕರಗಿ ಬೇರಿಗೆ ಸಿಗೋ ಹೊತ್ತಿಗೆ ಯುಗಾದಿ ಬಂದಿರುತ್ತೆ, ಅಮ್ಮ. ಹಾಕೋದಾದ್ರೆ ಕ್ಯಾಲ್ಸಿಯಂ ನೈಟ್ರೇಟ್. ಅದನ್ನ 19:19:19 ಜೊತೆ ಒಂದೇ ಡಬ್ಬದಲ್ಲಿ ಕಲಸಬೇಡಿ, ಫಾಸ್ಫೇಟ್ ಜೊತೆ ಸೇರಿ ಬಿಳಿ ಗಸಿ ಆಗಿ ತಳಕ್ಕೆ ಕೂರುತ್ತೆ. ಒಂದು ವಾರ ಅದು, ಇನ್ನೊಂದು ವಾರ ಇದು.

ಮಡಿಕೇರಿ_ಮಂಜು
ನೀರಿನಲೆಕ್ಕ ಅವರು ಹೇಳಿದ ರಸಾಯನಶಾಸ್ತ್ರ ಎಲ್ಲ ಸರಿ. ಆದರೆ ಈ ಗಿಡಕ್ಕೆ ಅದೇ ಕಾಯಿಲೆ ಅಂತ ನನಗೆ ಅನ್ನಿಸ್ತಿಲ್ಲ. ನಮ್ಮ ಕಡೆ ಶೇಡ್‌ನೆಟ್ ಅಡಿ ಆಂಥೂರಿಯಂ ಹೂವಿಗೆ ಅಂತಲೇ ಬೆಳೀತಾರೆ, ನಾನೂ ಬೆಳೆದಿದ್ದೇನೆ. ಕ್ಯಾಲ್ಸಿಯಂ ಕಮ್ಮಿ ಆದರೆ ಮೊದಲು ಗೊತ್ತಾಗೋದು ಹೂವಲ್ಲಿ. ಆ ಕೆಂಪು ಹಾಳೆ ಇದೆಯಲ್ಲ, ಅದರ ಮೇಲೆ ಬಣ್ಣ ಕೆಟ್ಟು, ನೀರು ತುಂಬಿದ ಹಾಗೆ ಮಚ್ಚೆ ಬಂದು ಕಂದಾಗುತ್ತೆ. ನಿಮ್ಮ ಹೂ ಹೇಗಿದೆ? ಇನ್ನೊಂದು, ಅದೇ ನೀರು ಕುಡಿಯೋ ಬೇರೆ ಗಿಡಗಳು ಹೇಗಿವೆ?

ಎಲೆ ಹಿಂದೆ ಕಂದು ಒರಟು ಪಟ್ಟಿ ಅಂದಿದ್ದೀರಿ. ಕೊರತೆಗೆ ಹಾಗೆ ಆಗೋದು ನಾನು ಕಂಡಿಲ್ಲ. ಏನೋ ಕೆರೆದಿದೆ.

ಕಿಟಕಿಗಿಡ
ಹೂ ಈಗ ಒಂದೇ ಇದೆ. ಬಣ್ಣ ಸರಿಯಾಗೇ ಇದೆ, ಆದ್ರೆ ಒಂದು ಕಡೆ ಸೊಟ್ಟ. ಪೀಸ್ ಲಿಲಿ, ಮನಿ ಪ್ಲಾಂಟ್‌ಗೂ ಅದೇ ನೀರು, ಅವಕ್ಕೇನೂ ಆಗಿಲ್ಲ. ಪಕ್ಕದಲ್ಲಿರೋ ಬೆಗೋನಿಯಾ ಮಾತ್ರ ಸ್ವಲ್ಪ ಮಂಕಾಗಿದೆ, ತುದಿ ಎಲೆ ಚಿಕ್ಕದಾಗಿ ಮುದುಡಿದೆ. ಅದಕ್ಕೆ ಬಿಸಿಲು ಸಾಲ್ತಿಲ್ಲ ಅಂದ್ಕೊಂಡಿದ್ದೆ.

ಹಾವೇರಿ_ಹೈದ
ಅಕ್ಕಾರ, ಈ ಎಲಿ ಫೋಟೋ ನೋಡಿದ ಕೂಡ್ಲೇ ನನಗ ನಮ್ಮ ಹೊಲ ನೆನಪಾತ್ರಿ. ಮೆಣಸಿನಗಿಡದಾಗ ಇದಕ್ಕ ನಾವು ಮುಟುರು ರೋಗ ಅಂತೀವಿ. ನಮ್ಮಪ್ಪ ಗಿಡದ ಹತ್ರ ಕುಂತು ಎಲಿ ಹಿಡದು ಹೇಳಿಬಿಡ್ತಾರ. ಅಂಚು ಮ್ಯಾಲ ಎದ್ದು ಮಡಚಿದ್ರ ಥ್ರಿಪ್ಸು ಅನ್ನೂ ಸಣ್ಣ ಕೀಟ. ಅಂಚು ಕೆಳಗ ಮಡಚಿ, ಎಲಿ ಸಣ್ಣ ಆಗಿ ತೊಟ್ಟು ಉದ್ದ ಆದ್ರ ಮೈಟು, ನುಸಿ ಅಂತೀವಲ್ರಿ ಅದು. ನಿಮ್ದು ಕೆಳಗ ಮಡಚೇತಿ. ಎಲಿ ಗಡುಸಾಗೇತಿ ಅಂದ್ರಿ. ಟಾನಿಕ್ ವಾಪಸ್ ಕೊಟ್ಟು ರೊಕ್ಕ ಇಸಗೋರಿ.

ಸುಮ್ನೆ_ಓದುಗ
ನರ್ಸರಿಯವರು ರೊಕ್ಕ ವಾಪಸ್ ಕೊಟ್ಟ ಇತಿಹಾಸ ಉಂಟೇನ್ರಿ?

ಕರಾವಳಿ_ಕೆಸು (ಪುತ್ತೂರು)
ನನಗೆ ವೈರಸ್ ಅಂತ ಕಾಣ್ತದೆ ಮಾರಾಯ್ರೆ. ಆಂಥೂರಿಯಂ, ಡೈಫೆನ್‌ಬಾಕಿಯಾ, ಕ್ಯಾಲಡಿಯಂ ಎಲ್ಲ ನಮ್ಮ ಕೆಸುವಿನ ಕುಟುಂಬವೇ. ಈ ಕುಟುಂಬಕ್ಕೇ ಬರುವ ಒಂದು ಮೊಸಾಯಿಕ್ ವೈರಸ್ ಉಂಟು. ಗಿಡಹೇನು ಒಂದರಿಂದ ಇನ್ನೊಂದಕ್ಕೆ ಅಂಟಿಸ್ತದೆ, ಕತ್ತರಿಯಲ್ಲೂ ಅಂಟ್ತದೆ. ಹಿಡಿದ್ರೆ ಔಷಧ ಇಲ್ಲ, ಗಿಡ ಕಿತ್ತು ಸುಡುದೇ.

ಮಡಿಕೇರಿ_ಮಂಜು
ವೈರಸ್ ಆದ್ರೆ ಎಲೆ ಮೇಲೆ ತಿಳಿ ಹಸಿರು, ಕಡು ಹಸಿರು ಮಚ್ಚೆ ಮಚ್ಚೆಯಾಗಿ ಕಾಣಬೇಕು. ಕೆಸುವಿನಲ್ಲಿ ನರದಿಂದ ಹೊರಕ್ಕೆ ಗರಿ ಗರಿಯಾಗಿ ಹರಡಿರುತ್ತೆ. ಫೋಟೋದಲ್ಲಿ ಆ ಥರ ಏನೂ ಇಲ್ಲ. ಸುಡೋ ಮಾತು ಆಮೇಲೆ.

ಗೌರಿಹಬ್ಬ
ಕೆಸು ಅಂದ್ರಲ್ಲ, ಪತ್ರೊಡೆಗೆ ಯಾವ ಕೆಸು ಒಳ್ಳೇದು? ಬೆಂಗಳೂರಲ್ಲಿ ತಂದ ಎಲೆ ಮಾಡಿದ್ರೆ ಗಂಟಲು ಕೆರೆಯುತ್ತೆ.

ಕರಾವಳಿ_ಕೆಸು
ಹುಣಸೆಹುಳಿ ಕಮ್ಮಿ ಆದ್ರೆ ಕೆರೀತದೆ. ಹುಳಿ ಜೋರು ಹಾಕಿ, ಹಬೆಯಲ್ಲಿ ಸರಿ ಬೇಯಿಸಿ. ಮರಕೆಸು ಸಿಕ್ಕಿದ್ರೆ ಅದಕ್ಕಿಂತ ಮಿಗಿಲು ಇಲ್ಲ, ಆದ್ರೆ ಅದು ಮಳೆಗಾಲದಲ್ಲಿ ಮರದ ಮೇಲೆ ಬರುದು, ನಿಮ್ಮ ಬೆಂಗಳೂರಲ್ಲಿ ಎಲ್ಲಿ.

ತಾರಸಿ_ತೋಟ
ಆಂಥೂರಿಯಂ ಪತ್ರೊಡೆ ಮಾತ್ರ ಯಾರೂ ಟ್ರೈ ಮಾಡಬೇಡಿ. ಗಂಟಲು ಕೆರೆಯೋದಲ್ಲ, ಊದಿಕೊಳ್ಳುತ್ತೆ. ಮನೇಲಿ ಮಗು, ನಾಯಿ ಇದ್ರೆ ಈ ಗಿಡ ಕೈಗೆ ಸಿಗದ ಹಾಗೆ ಇಡಿ.

ಟೊರೊಂಟೊ_ತುಳಸಿ
ಇಲ್ಲಿ ಚಳಿಗಾಲದಲ್ಲಿ ಹೀಟರ್ ಹಾಕಿದಾಗ ಗಾಳಿ ಒಣಗಿ ನನ್ನ ಆಂಥೂರಿಯಂ ಎಲೆಗಳೂ ಹೀಗೇ ಅಂಟಿಕೊಂಡು ಹರಿದು ಬರ್ತಿದ್ವು. ಹ್ಯೂಮಿಡಿಫೈಯರ್ ಇಟ್ಟ ಮೇಲೆ ಸರಿ ಹೋಯ್ತು. ತೇವಾಂಶ ಒಮ್ಮೆ ನೋಡಿ.

ಎಲೆಮರೆ (ಧಾರವಾಡ)
ಕೃಷಿ ವಿವಿಯಲ್ಲಿ ಕೀಟಶಾಸ್ತ್ರ ಓದಿದವನು, ಈಗ ಕೆಲಸ ಬೇರೆ. ಕೆಲವು ಮಾತು ಬಿಡಿಸಿ ಹೇಳ್ತೀನಿ.

ಒಣ ಗಾಳಿಗೆ ಸಿಕ್ಕ ಎಲೆ ಪೊರೆಯಿಂದ ಬಿಡಿಸಿಕೊಳ್ಳೋವಾಗ ಹರಿಯುತ್ತೆ, ಸೊಟ್ಟ ಆಗುತ್ತೆ. ಆದರೆ ಹರಿದ ಜಾಗ ಬಿಟ್ಟು ಉಳಿದ ಎಲೆ ತೆಳುವಾಗಿ, ಮೆತ್ತಗೆ, ಮಾಮೂಲಿ ಬಣ್ಣದಲ್ಲೇ ಇರುತ್ತೆ. ದಪ್ಪ ಆಗಿ ಲಟಕ್ ಅಂತ ಮುರಿಯಲ್ಲ. ಬೆಂಗಳೂರಿನ ಮಳೆಗಾಲ ಮುಗಿದ ಹೊತ್ತಿಗೆ ಗಾಳಿ ಅಷ್ಟು ಒಣಗಿರೋದೂ ಇಲ್ಲ.

ಹಾವೇರಿಯವರ ತಂದೆ ಹೇಳೋ ಲಕ್ಷಣ ಮೆಣಸಿನ ಗಿಡಕ್ಕೆ ಅಪ್ಪಟ ಸತ್ಯ. ಆಂಥೂರಿಯಂ ಎಲೆ ಹುಟ್ಟೋದೇ ಸುರುಳಿ ಸುತ್ತಿಕೊಂಡು, ಹಾಗಾಗಿ ಮಡಚಿದ ದಿಕ್ಕು ಒಂದನ್ನೇ ನೆಚ್ಚಬೇಡಿ. ಆದ್ರೂ ನನಗೂ ಅನುಮಾನ ಅದೇ ಕಡೆಗಿದೆ, ಕಾರಣ ಬೆಗೋನಿಯಾ. ಬ್ರಾಡ್ ಮೈಟ್ ಅನ್ನೋ ನುಸಿಗೆ ಮೆಣಸು, ಬೆಗೋನಿಯಾ, ಜರ್ಬೆರಾ, ಆಂಥೂರಿಯಂ ಎಲ್ಲ ಒಂದೇ ಊಟದ ಮನೆ. ನೀರಿಂದ ಆಗಿದ್ರೆ ಪಕ್ಕಪಕ್ಕದ ಎರಡು ಗಿಡ ಆರಿಸಿಕೊಂಡು ಕೆಡಿಸ್ತಿರಲಿಲ್ಲ.

ಇದು ಕಣ್ಣಿಗೆ ಕಾಣಲ್ಲ. ದೊಡ್ಡ ಹುಳವೇ 0.2 ಮಿಲಿಮೀಟರ್, ಬಣ್ಣ ಗಾಜಿನಂತೆ ಅಥವಾ ತಿಳಿ ಹಳದಿ. ಪೆನ್ ಅಂಗಡಿ ಭೂತಗನ್ನಡಿ ಸಾಲದು. ಮೊಬೈಲ್ ಕ್ಯಾಮೆರಾಗೆ ಸಿಕ್ಕಿಸೋ 60 ಪಟ್ಟು ದೊಡ್ಡದು ಮಾಡೋ ಕ್ಲಿಪ್ ಲೆನ್ಸ್ ಸಿಗುತ್ತೆ, ಅದನ್ನ ತಗೊಳ್ಳಿ. ತೀರಾ ಕೆಟ್ಟ ಎಲೆ ನೋಡಿ ಪ್ರಯೋಜನವಿಲ್ಲ, ಅದು ಗಟ್ಟಿಯಾಗುತ್ತಿದ್ದ ಹಾಗೆ ನುಸಿ ಅಲ್ಲಿಂದ ಗಂಟು ಕಟ್ಟಿ ಹೊರಟಿರುತ್ತೆ. ಇನ್ನೂ ಬಿಚ್ಚದ ಸುರುಳಿ ಎಲೆಯ ಹಿಂಭಾಗ, ನರದ ಪಕ್ಕ ನೋಡಿ. ಹುಳ ಓಡಾಡೋದು ಕಾಣದಿದ್ರೂ ಮೊಟ್ಟೆ ಕಾಣುತ್ತೆ. ಪಾರದರ್ಶಕ ಮೊಟ್ಟೆ, ಮೈಮೇಲೆ ಸಾಲು ಸಾಲು ಬಿಳಿ ಚುಕ್ಕೆ. ಆ ಗುರುತು ಕಂಡ್ರೆ ಮತ್ತೆ ಅನುಮಾನ ಇಲ್ಲ.

ಥ್ರಿಪ್ಸ್ ಅನ್ನೂ ಒಮ್ಮೆ ತಳ್ಳಿಹಾಕಿಕೊಳ್ಳಿ. ಬಿಳಿ ಹಾಳೆ ಹಿಡಿದು ಅದರ ಮೇಲೆ ಹೂ, ಚಿಗುರು ಕೊಡವಿ. ಒಂದೆರಡು ಮಿಲಿಮೀಟರ್ ಉದ್ದದ, ನೂಲಿನ ತುಂಡಿನಂಥವು ಹರಿದಾಡಿದ್ರೆ ಥ್ರಿಪ್ಸ್. ಎಲೆ ಮೇಲೆ ಬೆಳ್ಳಿ ಬಣ್ಣದ ಗೀರು, ಕಪ್ಪು ಹಿಕ್ಕೆ ಚುಕ್ಕಿ ಕೂಡ ಅದರ ಗುರುತು.

ಕೊನೇದಾಗಿ ಒಂದು ಪ್ರಶ್ನೆ. ಮನೆಯಲ್ಲಿ ಎಲ್ಲಾದ್ರೂ ಮೆಣಸಿನ ಗಿಡ ಇದೆಯಾ?

ಬೇವಿನಭಕ್ತ
ಇಷ್ಟುದ್ದ ಬರೆದ್ರಿ, ಕೊನೆಗೆ ಹೊಡೆಯೋದು ಬೇವಿನೆಣ್ಣೇನೇ.

ಎಲೆಮರೆ
ತಡೀರಿ ಸ್ವಾಮಿ. ಮೊದಲು ಕಾಯಿಲೆ, ಆಮೇಲೆ ಔಷಧಿ.

ಹಾವೇರಿ_ಹೈದ
ಥ್ರಿಪ್ಸ್ ಮಾತು ಬಂತಲ್ರಿ, ಆ ಕರಿ ಥ್ರಿಪ್ಸ್ 2021-22ರಾಗ ನಮ್ಮ ಕಡೆ, ಆಂಧ್ರ, ತೆಲಂಗಾಣ ಎಲ್ಲಾ ಮೆಣಸಿನಕಾಯಿ ಹೊಲ ಹಾಳು ಮಾಡಿ ಹೋತು. ಹೂವಿನಾಗ ಹೊಕ್ಕು ಕುಂದ್ರತಿತ್ತು, ಹೂವು ಉದುರಿ ಬೀಳ್ತಿತ್ತು. ಏನ್ ಹೊಡದ್ರೂ ಸಾಯ್ತಿರಲಿಲ್ಲ.

ಎಲೆಮರೆ
ಹೌದು, ಅದು ಥ್ರಿಪ್ಸ್ ಪಾರ್ವಿಸ್ಪೈನಸ್. ನಮ್ಮ ದೇಶದಲ್ಲಿ ಅದು ಮೊದಲು ದಾಖಲಾಗಿದ್ದು 2015ರಲ್ಲಿ, ಅದೂ ಬೆಂಗಳೂರಿನ ಪಪ್ಪಾಯ ತೋಟದಲ್ಲಿ. ಹೊರದೇಶದಲ್ಲಿ ಅದು ಆಂಥೂರಿಯಂ, ಹೋಯಾ ಥರದ ಅಲಂಕಾರಿಕ ಗಿಡಗಳನ್ನೂ ಹಿಡಿದಿದೆ. ಅದಕ್ಕೇ ಬಿಳಿ ಹಾಳೆ ಪರೀಕ್ಷೆ ಬಿಡಬೇಡಿ ಅಂದಿದ್ದು.

ನೀರಿನಲೆಕ್ಕ
ಮನೆಯೊಳಗಿನ ಕುಂಡಕ್ಕೆ ಹೊಲದ ನುಸಿ ಹೇಗೆ ಬರುತ್ತೆ ಹೇಳಿ? ಐದನೇ ಮಹಡಿ, ಕಿಟಕಿಗೆ ಸೊಳ್ಳೆ ಪರದೆ. ಸುಮ್ಮನೆ ಹೆದರಿಸ್ತಿದ್ದೀರಿ ಅನ್ಸುತ್ತೆ. ನೀರು ಬದಲಾಯಿಸಿ ನೋಡೋದು ಖರ್ಚಿಲ್ಲದ ಕೆಲಸ, ಅದನ್ನ ಮೊದಲು ಮಾಡಲಿ.

ಎಲೆಮರೆ
ಈ ನುಸಿಗೆ ಮೊದಲ ಸಲ ಹೆಸರಿಟ್ಟಿದ್ದೇ ಗಾಜಿನಮನೆಯೊಳಗೆ. 1904ರಲ್ಲಿ, ವಾಷಿಂಗ್ಟನ್ನಿನ ಒಂದು ಗ್ರೀನ್‌ಹೌಸಿನ ಮಾವಿನ ಚಿಗುರಿನಲ್ಲಿ ಸಿಕ್ಕಿತ್ತು. ಒಳಾಂಗಣ ಅದಕ್ಕೆ ಹೊಸದೇನಲ್ಲ. ಬರೋದು ಹೇಗೆ ಅಂದ್ರೆ, ಹೊಸದಾಗಿ ತಂದ ಗಿಡದಲ್ಲಿ, ನಿಮ್ಮ ಕೈಯಲ್ಲಿ, ಬಟ್ಟೆಯಲ್ಲಿ. ಇನ್ನೊಂದು ಮಜಾ ಇದೆ. ಹೆಣ್ಣು ನುಸಿ ಬಿಳಿನೊಣದ ಕಾಲು ಹಿಡ್ಕೊಂಡು ಸವಾರಿ ಮಾಡುತ್ತೆ. ಬಿಳಿನೊಣ ಹೋದ ಕಡೆ ಇದೂ ಇಳಿಯುತ್ತೆ. ಅದಕ್ಕೇ ಮೆಣಸಿನ ಗಿಡ ಇದೆಯಾ ಕೇಳಿದ್ದು, ಉತ್ತರ ಇನ್ನೂ ಬಂದಿಲ್ಲ.

ನೀರು ಬದಲಾಯಿಸೋದಕ್ಕೆ ನನ್ನ ತಕರಾರಿಲ್ಲ, ಸಾಫ್ಟನರ್ ನೀರು ಕುಂಡಕ್ಕೆ ಒಳ್ಳೇದಂತೂ ಅಲ್ಲ. ಆದರೆ ಆಂಥೂರಿಯಂ ಹೊಸ ಎಲೆ ಬರೋಕೆ ವಾರಗಟ್ಟಲೆ ಬೇಕು. ಅಷ್ಟು ದಿನ ನೀರಿನ ಫಲಿತಾಂಶಕ್ಕೆ ಕಾದರೆ, ಬೆಚ್ಚಗಿನ ಹವೆಯಲ್ಲಿ ವಾರದೊಳಗೆ ಒಂದು ತಲೆಮಾರು ಮುಗಿಸೋ ನುಸಿ ಎಷ್ಟಾಗಿರುತ್ತೆ ಲೆಕ್ಕ ಹಾಕಿ. ಲೆಕ್ಕ ನಿಮ್ಮ ಹೆಸರಲ್ಲೇ ಇದೆ.

ನೀರಿನಲೆಕ್ಕ
ಸರಿ ಸರಿ, ಲೆನ್ಸ್ ಬರಲಿ, ನೋಡೋಣ.

ಸಕ್ಕರೆನಾಡು (ಮಂಡ್ಯ)
ಯಾರೂ ಹೇಳದ ಒಂದು ಕಾರಣ ನಾನು ಹೇಳ್ತೀನಿ, ಕಳೆನಾಶಕ. ನಮ್ಮ ಭಾವ ಕಬ್ಬಿನ ಗದ್ದೆಗೆ 2,4-ಡಿ ಹೊಡೆದ ಕ್ಯಾನಲ್ಲೇ, ನೀರಲ್ಲಿ ಒಂದ್ಸಲ ಅಲ್ಲಾಡಿಸಿ, ಅಂಗಳದ ಗುಲಾಬಿಗೆ ಔಷಧಿ ಹೊಡೆದ್ರು. ಹೊಸ ಚಿಗುರೆಲ್ಲ ದಾರದಂಗೆ ಸಣ್ಣಗೆ, ತಿರುಚಿಕೊಂಡು ಬಂತು. ಅಕ್ಕ ಇವತ್ತಿಗೂ ಅದನ್ನ ಎತ್ತಿ ಆಡ್ತಾಳೆ. ಮೇಡಂ, ನಿಮ್ಮ ಸ್ಪ್ರೇ ಬಾಟ್ಲಿ ಊರಿಂದ ಬಂದಿದ್ದಲ್ಲ ತಾನೇ?

ತಾರಸಿ_ತೋಟ
ಪೀಸ್ ಲಿಲಿಯಲ್ಲಿ ಇನ್ನೊಂದು ನಡೆಯುತ್ತೆ. ಬೇಗ ಹೂ ಬಿಡ್ಲಿ ಅಂತ ಜಿಬ್ಬರೆಲಿಕ್ ಆಮ್ಲ ಅನ್ನೋ ಬೆಳವಣಿಗೆ ಹಾರ್ಮೋನು ಹೊಡೆದಿರ್ತಾರೆ. ಮನೆಗೆ ತಂದ ಮೇಲೆ ಕೆಲವು ಎಲೆ ಸಣ್ಣಗೆ ಸೊಟ್ಟಗೆ ಬರುತ್ತೆ, ಆಮೇಲೆ ತಾನಾಗೇ ಸರಿಹೋಗುತ್ತೆ. ಆದ್ರೆ ಇಲ್ಲಿ ಗಿಡ ಹಳೇದು, ಹಾಗಾಗಿ ಇದಲ್ಲ.

ಗೌರಿಹಬ್ಬ
ಹೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ, ಚೆನ್ನಾಗಿ ಹೂ ಬಿಡೋ ಗಿಡ ಬಾಗಿಲಿಗೆ ನೇರವಾಗಿ ಇಟ್ರೆ ದೃಷ್ಟಿ ಆಗುತ್ತೆ. ಸ್ವಲ್ಪ ಮರೆಗೆ ಇಡಿ.

ಸುಮ್ನೆ_ಓದುಗ
60 ಪಟ್ಟು ಲೆನ್ಸಲ್ಲಿ ದೃಷ್ಟಿಯೂ ಕಾಣುತ್ತಾ ಎಲೆಮರೆ ಸಾರ್?

ಗೌರಿಹಬ್ಬ
ನಿಮಗೆ ಎಲ್ಲಾ ತಮಾಷೆ.

ಕಿಟಕಿಗಿಡ
ತಡವಾಯ್ತು, ಲೆನ್ಸ್ ಬರೋಕೆ ಕಾಯ್ತಿದ್ದೆ. ಒಂದೊಂದಾಗಿ ಹೇಳ್ತೀನಿ.

ಸ್ಪ್ರೇ ಬಾಟ್ಲಿ ಇಲ್ಲೇ ಅಂಗಡೀಲಿ ತಗೊಂಡಿದ್ದು, ಊರಿಂದಲ್ಲ. ಬಿಳಿ ಹಾಳೆ ಮೇಲೆ ಹೂ, ಚಿಗುರು ಕೊಡವಿದೆ. ಧೂಳು ಬಿಟ್ಟು ಏನೂ ಓಡಾಡಲಿಲ್ಲ. ಮೆಣಸಿನ ಗಿಡ ಇದೆ! ಯುಟಿಲಿಟಿಯಲ್ಲಿ, ಅಮ್ಮ ಒಣಮೆಣಸಿನಕಾಯಿ ಬೀಜ ಉದುರಿಸಿ ಬೆಳೆಸಿರೋದು. ಅದರ ತುದಿ ಎಲೆಗಳೂ ಮುದುಡಿವೆ, ಅಂಚು ಕೆಳಕ್ಕೆ. ಗಿಡ ಅಲ್ಲಾಡಿಸಿದ್ರೆ ಸಣ್ಣ ಬಿಳಿ ನೊಣ ಭುರ್ ಅಂತ ಏಳ್ತವೆ. ಮಳೆ ಜೋರಿದ್ದಾಗ ಆ ಕುಂಡವನ್ನ ಒಳಗೆ ತಂದು ಇದೇ ಕಿಟಕಿ ಹತ್ರ ಇಟ್ಟಿದ್ವಿ.

ಈಗ ಲೆನ್ಸ್. ಇನ್ನೂ ಬಿಚ್ಚದ ಎಲೆಯನ್ನ ಬೆರಳಲ್ಲಿ ಮೆಲ್ಲಗೆ ಬಿಡಿಸಿ ಹಿಂಭಾಗ ನೋಡಿದೆ. ಕೈ ನಡುಗಿ ಫೋಕಸ್ ನಿಲ್ಲೋಕೇ ಹೊತ್ತು ಹಿಡೀತು. ಆಮೇಲೆ ನರದ ಪಕ್ಕದ ಗುಂಡಿಯಲ್ಲಿ ಉದ್ದುದ್ದ ಗುಂಡಗೆ, ನೀರ ಹನಿ ಅನ್ನೋ ಹಾಗೆ ಹೊಳೆಯೋ ಮೊಟ್ಟೆಗಳು, ಮೇಲೆ ಅಚ್ಚುಕಟ್ಟಾಗಿ ಬಿಳಿ ಚುಕ್ಕಿ ಸಾಲು! ಪಕ್ಕದಲ್ಲಿ ತಿಳಿ ಹಳದಿ ಹುಳ ಒಂದು, ಬೆನ್ನ ಮೇಲೆ ಇನ್ನೊಂದನ್ನ ಅಡ್ಡಡ್ಡ ಹೊತ್ಕೊಂಡು ಓಡ್ತಿತ್ತು. ಫೋಟೋ ಹಾಕಿದ್ದೀನಿ. ಬೆಗೋನಿಯಾದಲ್ಲೂ ಇದೇ ಮೊಟ್ಟೆ.

ಎಲೆಮರೆ
ಬ್ರಾಡ್ ಮೈಟೇ, ಅನುಮಾನ ಬೇಡ. ಬೆನ್ನ ಮೇಲೆ ಹೊತ್ತಿರೋದು ಗಂಡು. ಇನ್ನೂ ಪ್ರಾಯಕ್ಕೆ ಬರದೆ ಅಲ್ಲಾಡದೆ ಬಿದ್ದಿರೋ ಹೆಣ್ಣನ್ನ ಎತ್ಕೊಂಡು ಹೊಸ ಚಿಗುರಿಗೆ ಸಾಗಿಸ್ತಿದೆ. ಫೋಟೋ ಚೆನ್ನಾಗಿ ಸಿಕ್ಕಿದೆ.

ಹಾವೇರಿ_ಹೈದ
ಸಿಕ್ತಲ್ರೀ ಕಳ್ಳ! ನಮ್ಮಪ್ಪಗ ಫೋಟೋ ತೋರಿಸಿದೆ. "ಮನಿಯೊಳಗ ಸೋಫಾ ಪಕ್ಕನೂ ಮುಟುರು ರೋಗ ಬಂತೇನು" ಅಂತ ನಕ್ಕರು. ಹುಳಿ ಮಜ್ಜಿಗಿ ಹೊಡೀರಿ ಅಂತಾರ ನೋಡ್ರಿ. ಹಿಂದಕ್ಕ ಎಲ್ಲಾರೂ ಅದನ್ನ ಹೊಡೀತಿದ್ರು.

ಕಿಟಕಿಗಿಡ
ಹಾಲ್‌ನಲ್ಲಿ ಹುಳಿ ಮಜ್ಜಿಗೆ ವಾಸನೆ ಬಂದ್ರೆ ನಮ್ಮೆಜಮಾನರು ಮನೆ ಬಿಟ್ಟು ಹೋಗ್ತಾರೆ.

ಕೆಮಿಕಲ್_ಕಾಕಾ
ಇಮಿಡಾಕ್ಲೋಪ್ರಿಡ್ ಒಂದು ಹನಿ ಬುಡಕ್ಕೆ ಹಾಕಿ, ಗಿಡವೇ ವಿಷ ಆಗುತ್ತೆ, ಎಲ್ಲಾ ಸಾಯುತ್ತೆ. ಇಷ್ಟೊಂದು ಚರ್ಚೆ ಯಾಕೆ?

ಎಲೆಮರೆ
ಎಲ್ಲಾ ಸಾಯಲ್ಲ ಕಾಕಾ. ಅದು ಕೀಟಕ್ಕೆ ಮಾಡಿರೋ ಔಷಧಿ. ನುಸಿ ಕೀಟವೇ ಅಲ್ಲ, ಜೇಡನ ಪೈಕಿ. ಬಿಳಿನೊಣ ಸಾಯಬಹುದು, ನುಸಿ ಹಾಯಾಗಿರುತ್ತೆ. ಕೆಂಪು ನುಸಿಯಲ್ಲಿ ಈ ಔಷಧಿ ಬಿದ್ದ ಮೇಲೆ ಸಂತಾನ ಹೆಚ್ಚಾದ ಉದಾಹರಣೆಗಳೂ ಇವೆ.

ಕೆಮಿಕಲ್_ಕಾಕಾ
ಹಾಗಾದ್ರೆ ಅಬಾಮೆಕ್ಟಿನ್.

ಎಲೆಮರೆ
ಅದು ಕೆಲಸ ಮಾಡುತ್ತೆ, ಒಪ್ಪಿದೆ. ಆದರೆ ಹೊಲದ ವಿಷವನ್ನ ಊಟದ ಮೇಜಿನ ಪಕ್ಕ ಸಿಂಪಡಿಸಿ ಅಂತ ನಾನಂತೂ ಹೇಳಲ್ಲ. ಒಂದು ಕುಂಡಕ್ಕೆ ಅಷ್ಟು ದೂರ ಹೋಗೋ ಅಗತ್ಯವೂ ಇಲ್ಲ. ಈ ನುಸಿಗೆ ಗಂಧಕ ಅಂದ್ರೆ ಆಗಲ್ಲ. ನೀರಲ್ಲಿ ಕದಡೋ ಗಂಧಕ, 80 ಶೇಕಡಾದ್ದು, ಗೊಬ್ಬರದ ಅಂಗಡಿಯಲ್ಲಿ ಸಿಗುತ್ತೆ. ಲೀಟರಿಗೆ 2 ಗ್ರಾಂ. ಮೊದಲು ಒಂದು ಎಲೆಗೆ ಹೊಡೆದು ಎರಡು ದಿನ ನೋಡಿ, ಸುಡದಿದ್ರೆ ಇಡೀ ಗಿಡಕ್ಕೆ. ಬಾಲ್ಕನಿಗೆ ಒಯ್ದು, ಬಿಸಿಲು ಇಳಿದ ಮೇಲೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊಡೀರಿ. ಎಲೆ ಹಿಂಭಾಗ, ಸುರುಳಿಯ ಸಂದು, ತೊಟ್ಟಿನ ಬುಡ ತೊಯ್ಯಬೇಕು. ವಾರ ಬಿಟ್ಟು ಮತ್ತೊಮ್ಮೆ, ಬೇಕಾದ್ರೆ ಇನ್ನೊಮ್ಮೆ. 32 ಡಿಗ್ರಿ ಮೇಲೆ ಬಿಸಿಲಿದ್ದ ದಿನ ಬೇಡ. ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೂ ಬೇಡ, ಎಣ್ಣೆ ಗಂಧಕ ಸೇರಿದ್ರೆ ಎಲೆ ಸುಡುತ್ತೆ.

ಕಿಟಕಿಗಿಡ
ಆ ಕೊನೇ ಸಾಲು ಓದಿ ತಲೆ ಮೇಲೆ ಕೈ ಹೊತ್ಕೊಂಡೆ. ಬೇವಿನಭಕ್ತ ಅವರ ಮಾತು ಕೇಳಿ ಮೊನ್ನೆಯಷ್ಟೇ ಬೇವಿನೆಣ್ಣೆ ಹೊಡೆದಾಯ್ತಲ್ಲ.

ಸುಮ್ನೆ_ಓದುಗ
ಭಕ್ತರೇ, ಬನ್ನಿ ಮುಂದೆ.

ಬೇವಿನಭಕ್ತ
ನಾನೇನು ವಿಷ ಹಾಕಿ ಅಂದ್ನಾ? ಬೇವು ನುಸಿಗೂ ಕೆಲಸ ಮಾಡುತ್ತೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರೇ ಬೇವಿನ ಸೋಪು, ಹೊಂಗೆ ಸೋಪು ಮಾಡಿದ್ದಾರೆ. ಸುಮ್ನೆ ಮಾಡಿದ್ದಾರಾ?

ಎಲೆಮರೆ
ಸೋಪು ಒಳ್ಳೇದೇ. ಹೊರಗೆ ಕಾಣೋ ಹಿಟ್ಟುತಿಗಣೆ, ಗಿಡಹೇನು, ಬಿಳಿನೊಣಕ್ಕೆ ನಾನೂ ಅದನ್ನೇ ಹೇಳ್ತೀನಿ. ಈ ನುಸಿ ಸುರುಳಿಯೊಳಗೆ, ಸುಕ್ಕಿನ ಸಂದಿಯಲ್ಲಿ ಕೂತಿರುತ್ತೆ. ಮೈಗೆ ತಾಗಿದ್ರೆ ಮಾತ್ರ ಕೊಲ್ಲೋ ಔಷಧಿ ಅಲ್ಲಿಗೆ ಮುಟ್ಟೋದು ಕಷ್ಟ. ಅಷ್ಟೇ ನನ್ನ ತಕರಾರು, ಬೇವಿನ ಮೇಲೆ ದ್ವೇಷ ಇಲ್ಲ.

ಕಿಟಕಿಗಿಡ ಅವರೇ, ಎರಡು ವಾರ ಗಂಧಕ ಬೇಡ. ಆ ಹೊತ್ತಲ್ಲಿ ಮಾಡೋ ಕೆಲಸ ಬೇಕಾದಷ್ಟಿದೆ. ಮುರುಟಿದ ಎಲೆ, ಸೊಟ್ಟ ಹೂ, ಬಿಚ್ಚದ ಸುರುಳಿ ಎಲ್ಲಾ ಕತ್ತರಿಸಿ ಕವರಲ್ಲಿ ಗಂಟು ಕಟ್ಟಿ ಬಿಸಾಡಿ, ಕಾಂಪೋಸ್ಟಿಗೆ ಹಾಕಬೇಡಿ. ಕತ್ತರಿ, ಕೈ ಸೋಪಲ್ಲಿ ತೊಳೀರಿ. ಈ ಎರಡು ಗಿಡ ಬೇರೆ ಕೋಣೆಗೆ. ನೀರು ಹಾಕೋವಾಗ ಚೆನ್ನಾಗಿರೋ ಗಿಡಗಳಿಗೆ ಮೊದಲು, ಇವಕ್ಕೆ ಕೊನೆಗೆ. ಮತ್ತೆ ಆ ಮೆಣಸಿನ ಗಿಡ ಮನೆಯಿಂದ ಆಚೆ ಹೋಗಬೇಕು.

ಮಡಿಕೇರಿ_ಮಂಜು
ಬಿಸಿನೀರಿನ ಉಪಾಯವೂ ಇದೆ. 43ರಿಂದ 49 ಡಿಗ್ರಿ ನೀರಲ್ಲಿ 15 ನಿಮಿಷ ಮುಳುಗಿಸಿದ್ರೆ ಈ ನುಸಿ ಸಾಯುತ್ತೆ. ನಾನಾದ್ರೆ ಬೆಗೋನಿಯಾಗೆ ಬೇಡ ಅಂತೀನಿ, ಬೆಂದೇ ಹೋಗಬಹುದು. ಆಂಥೂರಿಯಂ ಎಲೆ ದಪ್ಪ, 43ರ ಹತ್ರ ತಡೆಯಬಹುದು. ಥರ್ಮಾಮೀಟರ್ ಇಲ್ಲದೆ ಕೈ ಅಂದಾಜಲ್ಲಿ ಮಾತ್ರ ಮಾಡಬೇಡಿ.

ಟೊರೊಂಟೊ_ತುಳಸಿ
ಇಲ್ಲಿ ನುಸಿ ತಿನ್ನೋ ನುಸಿಗಳನ್ನೇ ಸಣ್ಣ ಪೊಟ್ಟಣದಲ್ಲಿ ಮಾರ್ತಾರೆ. ಗಿಡಕ್ಕೆ ನೇತುಹಾಕಿದ್ರೆ ಅವೇ ಹುಡುಕಿ ತಿಂತಾವೆ. ಬೆಂಗಳೂರಲ್ಲಿ ಸಿಗುತ್ತಾ?

ಎಲೆಮರೆ
ಒಂದೆರಡು ಕುಂಡ ಇಟ್ಟವರಿಗೆ ಅಂಗಡಿಯಲ್ಲಿ ಸಿಗೋದನ್ನ ನಾನು ನೋಡಿಲ್ಲ. ಸಿಕ್ಕಿದ್ರೂ ಗಂಧಕ ಹೊಡೆಯೋ ಗಿಡದಲ್ಲಿ ಅವನ್ನ ಬಿಡೋದರಲ್ಲಿ ಅರ್ಥವಿಲ್ಲ.

ನೀರಿನಲೆಕ್ಕ
ನುಸಿ ಅಂತ ಫೋಟೋ ಸಮೇತ ಬಂದ ಮೇಲೆ ವಾದ ಇಲ್ಲ. ಆದ್ರೂ ಮಳೆನೀರು ಅಥವಾ ಕಾವೇರಿ ನಲ್ಲಿ ನೀರು ಸಿಕ್ಕಿದ್ರೆ ಅದನ್ನೇ ಹಾಕಿ. ಸಾಫ್ಟನರ್‌ಗೆ ಹೋಗೋ ಮುಂಚಿನ ನಲ್ಲಿ ಬೇಸ್‌ಮೆಂಟಲ್ಲಿ ಒಂದಿರುತ್ತೆ, ಪ್ಲಂಬರ್‌ನ ಕೇಳಿ. ಗಡಸು ನೀರು ಕುಂಡಕ್ಕೆ ಬಿಳಿ ಪೊರೆ ಕಟ್ಟಿಸಬಹುದು, ಸೋಡಿಯಂಗಿಂತ ಎಷ್ಟೋ ವಾಸಿ.

ಕಿಟಕಿಗಿಡ
ಬೇಸ್‌ಮೆಂಟ್ ನಲ್ಲಿ ಇದೆಯಂತೆ, ಸೆಕ್ಯೂರಿಟಿಯವರು ತೋರಿಸಿದ್ರು. ಇನ್ನು ಮೇಲೆ ಅದೇ. ಎಲೆ ಕತ್ತರಿಸಿ ಆಯ್ತು, ಗಿಡ ಬೋಳಾಗಿ ಹಳೇ ಎಲೆ ನಾಲ್ಕು ಉಳಿದಿವೆ. ಬೆಗೋನಿಯಾ ಗೆಸ್ಟ್ ರೂಮಿಗೆ ಹೋಗಿದೆ. ಮೆಣಸಿನ ಗಿಡಾನ ಅಮ್ಮ ಬಿಸಾಕೋಕೆ ಬಿಡ್ತಿಲ್ಲ, "ಹೂ ಬಿಟ್ಟಿದೆ, ಪಾಪ" ಅಂತಾರೆ.

ಹಾವೇರಿ_ಹೈದ
ಅಮ್ಮಾರಿಗೆ ಹೇಳ್ರಿ, ನಾನು ನುಸಿ ಇಲ್ಲದ ಸಸಿ ಕಳಸ್ತೀನಿ. ಆ ಗಿಡದಾಗ ಹತ್ತು ಕಾಯಿ ಸಿಗೂದ್ರಾಗ ಮನ್ಯಾಗಿನ ಎಲ್ಲಾ ಗಿಡ ಮುಟುರು ಆಕ್ಕಾವು.

ಕಿಟಕಿಗಿಡ
ಅಮ್ಮನಿಗೆ ಓದಿ ಹೇಳಿದೆ. "ಬ್ಯಾಡಗಿ ಸಸೀನಾ?" ಅಂತ ಕೇಳಿದ್ರು. ಹೌದು ಅಂದೆ. ಗಿಡ ಕವರೊಳಗೆ ಹೋಯ್ತು.

ಎಲೆಮರೆ
ಗಂಧಕ ಹೊಡೆದ ಮೇಲೂ ಮುಂದಿನ ಎಲೆ ಸ್ವಲ್ಪ ಸೊಟ್ಟ ಬಂದ್ರೆ ಗಾಬರಿ ಬೇಡ, ಇನ್ನೊಂದು ಔಷಧಿಗೂ ಓಡಬೇಡಿ. ನುಸಿ ಹೀರೋವಾಗ ಬಿಟ್ಟ ಜೊಲ್ಲಿನ ನಂಜು ಚಿಗುರಲ್ಲಿ ವಾರಗಟ್ಟಲೆ ಇರುತ್ತೆ. ಆಗಲೇ ಒಳಗೆ ರೂಪುಗೊಂಡಿದ್ದ ಎಲೆ ಕೆಟ್ಟೇ ಹೊರಗೆ ಬರುತ್ತೆ. ಅದರ ಹಿಂಭಾಗ ಲೆನ್ಸಲ್ಲಿ ನೋಡಿ, ಮೊಟ್ಟೆ ಇಲ್ಲದಿದ್ರೆ ಸುಮ್ಮನಿರಿ. ಒಂದರ ಹಿಂದೆ ಒಂದು ಎರಡು ಎಲೆ ಶುದ್ಧವಾಗಿ ಬರೋವರೆಗೂ ಬೇರೆ ಗಿಡಗಳ ಪಕ್ಕ ಇಡಬೇಡಿ. ಮುರುಟಿದ ಎಲೆ ಮತ್ತೆ ನೆಟ್ಟಗಾಗಲ್ಲ.

ತಾರಸಿ_ತೋಟ
ಈ ಲೆನ್ಸ್ ಯಾವ ಕಂಪನಿದು? ನಮ್ಮ ದಾಸವಾಳದ ಮೊಗ್ಗೂ ಸೊಟ್ಟ ಸೊಟ್ಟ ಬರ್ತಿದೆ, ಈಗ ಎಲ್ಲದರ ಮೇಲೂ ಅನುಮಾನ ಶುರುವಾಗಿದೆ.

ಎಲೆಮರೆ
ದಾಸವಾಳಕ್ಕೆ ಮೊದಲು ಹಿಟ್ಟುತಿಗಣೆ ನೋಡಿ. ಅದಕ್ಕೆ ಲೆನ್ಸ್ ಬೇಡ, ಚಿಗುರಿನ ಗಂಟಿನಲ್ಲಿ ಬಿಳಿ ಹತ್ತಿ ಕಾಣುತ್ತೆ. ಇರುವೆ ಸಾಲು ಏರ್ತಿದ್ರೆ ಹೆಚ್ಚುಕಮ್ಮಿ ಅದೇ.

ತಾರಸಿ_ತೋಟ
ಇರುವೆ ಇದೆ! ಬೇರೆ ಪೋಸ್ಟ್ ಹಾಕ್ತೀನಿ, ಫೋಟೋ ಸಮೇತ.

ಬೇವಿನಭಕ್ತ
ಅದಕ್ಕೆ ಬೇವಿನ ಸೋಪು. ಈ ಸಲ ಎಲೆಮರೆಯವರೂ ಇಲ್ಲ ಅನ್ನಲ್ಲ.

ಎಲೆಮರೆ
ಅನ್ನಲ್ಲ. ಲೀಟರಿಗೆ 5 ಗ್ರಾಂನಿಂದ ಶುರು ಮಾಡಿ.